ಶನಿವಾರ ಮಧ್ಯಾಹ್ನದ ಬಿಸಿನೀರು

ಸೊಸೆಯ ಮೇಲೆ ನೀಲಾಂಬಿಕಾ ಅವರಿಗೆ ಮೊದಲು ಸಂಶಯ ಹುಟ್ಟಿದ್ದು ಬಿಸಿನೀರಿನಿಂದ.

ಇಂಗ್ಲೆಂಡಿನ ಸಟನ್ ಕೋಲ್ಡ್‌ಫೀಲ್ಡಿನ ಆ ಮನೆಯಲ್ಲಿ ನೀರು ಕಾಯುವುದಕ್ಕೆ ಹೊತ್ತುಗೊತ್ತು ಇತ್ತು. ಎಲ್ಲರೂ ಏಳುವ ಮುಂಚೆ ಒಮ್ಮೆ, ಸಂಜೆ ಒಮ್ಮೆ ಬಾಯ್ಲರ್ ತಾನಾಗಿಯೇ ಹೊತ್ತಿಕೊಂಡು ತಾನಾಗಿಯೇ ಆರುತ್ತಿತ್ತು. ನಡುವೆ ಬೇಕೆನಿಸಿದವರು ಮೆಟ್ಟಿಲ ಕೆಳಗಿನ ಬೀರುವಿನಲ್ಲಿದ್ದ ಗುಂಡಿ ಒತ್ತಬೇಕು. ಒತ್ತಿದರೆ ಒಂದು ಕೆಂಪು ದೀಪ ಹೊತ್ತುತ್ತದೆ. ಆ ಗುಂಡಿಯನ್ನು ಯಾರಾದರೂ ಮುಟ್ಟಿದರೆ, ಬಿಲ್ಲು ಏರುತ್ತದೆಂದು, ಮಗ ಗುರುಸಿದ್ದಪ್ಪನಿಗೆ ಆಗಿಬರದು. ಅಂಥ ಮನೆಯಲ್ಲಿ ಒಂದು ಶನಿವಾರ, ಜಿಪಿ, ಎಂದರೆ ಬಡಾವಣೆಯ ಡಾಕ್ಟರ್, ಆಗಿದ್ದ ಮಗ ವಾರಾಂತ್ಯದ ಪಾಳಿ ಎಂದು ಕೆಲಸಕ್ಕೆ ಹೋದ ಮೇಲೆ, ಮೊಮ್ಮಗಳು ಸೃಷ್ಟಿಯನ್ನು ಈಜಿನ ಕ್ಲಾಸಿಗೆ ಬಿಟ್ಟುಬಂದ ಸೊಸೆ ಯಾಮಿನಿ ಗ್ಯಾರೇಜಿಗೆ ಹೊರಟಳು; ಹೋಗುವ ಮುಂಚೆ ಆ ಗುಂಡಿ ಒತ್ತಿದಳು. ಬಹಳ ಹೊತ್ತಾದ ಮೇಲೆ ಬಂದವಳು ಅಡಿಗೆಮನೆಗೆ ಕಾಲಿಡಲಿಲ್ಲ. ನೇರ ಮಹಡಿ ಹತ್ತಿ ತಲೆಗೆ ಎರೆದುಕೊಂಡಳು. ಬೆಳಿಗ್ಗೆಯಷ್ಟೇ ಸ್ನಾನ ಮಾಡಿದ್ದ ಹೆಣ್ಣುಮಗಳು. ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಕೆಳಗಿಳಿದು, "ಅತ್ತೆ, ಟೀ ಮಾಡ್ಲಾ?" ಎಂದು ಏನೂ ಆಗದವಳ ಹಾಗೆ ಕೇಳಿದಳು.

"ಮಾಡವ್ವಾ" ಎಂದರು ನೀಲಾಂಬಿಕಾ. ಆದರೆ ಮುಂದಿನ ಶನಿವಾರ ಕೆಂಪು ದೀಪ ಮತ್ತೆ ಹೊತ್ತಿದಾಗ, ಊಟದ ಮೇಜಿನ ಕುರ್ಚಿಯನ್ನು ಕೊಂಚ ಓರೆ ಮಾಡಿಕೊಂಡು, ಗ್ಯಾರೇಜಿನ ಮುಂಭಾಗ ಕಾಣುವ ಹಾಗೆ ಕೂತರು.

ಕಾಣುವುದೆಂದರೂ ಎಷ್ಟು ಕಾಣಬೇಕು? ಅವರ ಎಡಗಣ್ಣು ಹೋಗಿ ವರ್ಷಗಳಾಗಿದ್ದವು. ಕಣ್ಣೊಳಗಿನ ಒತ್ತಡ ಏರಿ ನರ ಒಣಗುವ ಕಾಯಿಲೆ. ಗಂಡ ಕರಬಸಪ್ಪ ಇದ್ದ ಕಾಲದಲ್ಲಿಯೇ ಊರ ಕಡೆ ಅದಕ್ಕೊಂದು ಆಪರೇಷನ್ ಆಗಿತ್ತು. ಚಾಕು ಹಿಡಿದವರು ಹೆಸರಾಂತ ದೊಡ್ಡ ಡಾಕ್ಟರಲ್ಲ, ಅವರ ಕೆಳಗೆ ಕಲಿಯುತ್ತಿದ್ದ ಹುಡುಗ ಎಂಬುದು ಆಮೇಲೆ ವರಾಂಡದಲ್ಲಿ ಯಾರದೋ ಬಾಯಿಂದ ತಿಳಿಯಿತು. ಹುಡುಗ ಕೆಟ್ಟವನೇನಲ್ಲ. ಪಟ್ಟಿ ಬಿಚ್ಚುವಾಗ ಅವನ ಕಣ್ಣಲ್ಲಿ ನೀರಿತ್ತು. ಆದರೆ ಕಲಿಯುವ ಕೈಗೆ ತಮ್ಮ ಕಣ್ಣು ತಿದ್ದುವ ಪಾಟಿಯಾಯಿತಲ್ಲ ಎಂಬುದನ್ನು ನೀಲಾಂಬಿಕಾ ಎಂದೂ ಮರೆಯಲಿಲ್ಲ. ಈಗ ಬಲಗಣ್ಣು. ಕಿಟಕಿಯ ಎರಡೂ ಬದಿಯಿಂದ ಯಾರೋ ದಿನದಿನಕ್ಕೆ ಪರದೆ ಎಳೆಯುತ್ತ ಬಂದ ಹಾಗೆ ಅದರ ನೋಟ ಕಿರಿದಾಗುತ್ತಿತ್ತು. ಬೆಳಗಿನ ಪೂಜೆಯಲ್ಲಿ ಎಡಗೈಯ ಮೇಲೆ ಇಷ್ಟಲಿಂಗ ಇಟ್ಟುಕೊಂಡು ದೃಷ್ಟಿ ನೆಟ್ಟರೆ ಲಿಂಗ ಕಾಣುತ್ತಿತ್ತು, ಅದನ್ನು ಹಿಡಿದ ಬೆರಳುಗಳು ಕಾಣುತ್ತಿರಲಿಲ್ಲ. ಹನಿ ಔಷಧಿಗೆ ಕಾಯಿಲೆ ಬಗ್ಗುವ ಹಂತ ದಾಟಿತ್ತು. ಕಣ್ಣಿನ ಬಿಳಿಯ ಭಾಗದಲ್ಲಿ ಸಣ್ಣ ಚಾಕುವಿನಿಂದ ಒಂದು ಜೇಬಿನಂಥ ಗೀರು ಮಾಡಿ, ಅದರೊಳಗೆ ಅಕ್ಕಿಕಾಳಿನಷ್ಟುದ್ದದ, ದಾರದೆಳೆಯಷ್ಟು ದಪ್ಪದ ನಳಿಗೆಯೊಂದನ್ನು ಕೂರಿಸಬೇಕು. ಒಳಗಿನ ನೀರು ಅದರೊಳಗಿಂದ ಬಸಿದು ಒತ್ತಡ ಇಳಿಯುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಇನ್ನು ಮೂರು ವಾರಕ್ಕೆ ದಿನ ಕೊಟ್ಟಿದ್ದರು.

ಯಾಮಿನಿ ಅದೇ ಆಸ್ಪತ್ರೆಯಲ್ಲಿ, ಅದೇ ಕೆಲಸದ ಕಣ್ಣಿನ ಸರ್ಜನ್. ಆದರೂ ತಾನು ಮಾಡುವುದಿಲ್ಲ ಅಂದಿದ್ದಳು.

"ಇಲ್ಲಿ ಮನೆಯವರಿಗೆ ನಾವೇ ಮಾಡಬಾರದು ಅಂತ ಇದೆ ಅತ್ತೆ. ನನ್ನ ಕಲೀಗ್ ಮಿಸ್ಟರ್ ವಿಟ್ಲಾಕ್ ಮಾಡ್ತಾರೆ."

ಧಾರವಾಡದಲ್ಲಿ ನೀಲಾಂಬಿಕಾ ಅವರ ಮೈದುನ ಹಲ್ಲಿನ ಡಾಕ್ಟರು. ಮನೆಯವರೆಲ್ಲರ ಹಲ್ಲನ್ನು, ಬೀಗರ ಹಲ್ಲನ್ನು ಕೂಡ, ಅವನೇ ಕೀಳುತ್ತಿದ್ದ. ಮನೆಯಲ್ಲಿ ಡಾಕ್ಟರನ್ನು ಇಟ್ಟುಕೊಂಡು ಹೊರಗಿನವರ ಮುಂದೆ ಬಾಯಿ ತೆರೆದರೆ ಅವನಿಗೆ ಅವಮಾನ. ಇಲ್ಲಿ ಸೊಸೆ ಕೈತೊಳೆದುಕೊಂಡಳು. ಅದೂ ಹೋಗಲಿ, ಮಾಡುವವನು ಡಾಕ್ಟರ್ ಕೂಡ ಅಲ್ಲ, ಬರೀ ಮಿಸ್ಟರ್. ಮಗನನ್ನು ಕೇಳಿದಾಗ ಅವನು ನಕ್ಕು, ಈ ದೇಶದಲ್ಲಿ ಸರ್ಜನ್ನರೆಲ್ಲ ಮಿಸ್ಟರುಗಳೇ, ಯಾಮಿನಿಯನ್ನೂ ಆಸ್ಪತ್ರೆಯಲ್ಲಿ ಮಿಸ್ ಅಂತಲೇ ಕರೆಯುವುದು ಅಂದ. ಕೊರಳಲ್ಲಿ ತಾಳಿ ಇರುವ, ಹೈಸ್ಕೂಲಿಗೆ ಹೋಗುವ ಮಗಳಿರುವ ಹೆಣ್ಣು ಮಿಸ್ ಹೇಗಾದಳು ಎಂಬುದು ನೀಲಾಂಬಿಕಾ ಅವರಿಗೆ ಹಿಡಿಸಲಿಲ್ಲ. ಅದನ್ನೂ ಮನಸ್ಸಿನ ಒಂದು ಮೂಲೆಯಲ್ಲಿ ಇಟ್ಟುಕೊಂಡರು.

ಆ ಎರಡನೆಯ ಶನಿವಾರ ಅವರು ಕಂಡದ್ದು ಒಂದು ನೀಲಿ ಕಾರು. ಅದರಿಂದ ಇಳಿದ ಎತ್ತರದ ಬಿಳಿಯ ಗಂಡಸು, ಪಿಕ್ನಿಕ್ಕಿಗೆ ಒಯ್ಯುವಂಥ ತಂಪಿನ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ಗ್ಯಾರೇಜಿನ ಒಳಗೆ ಹೋದ. ಬಾಗಿಲು ಇಳಿಯಿತು. ಕೆಳಗಿನ ಸಂದಿಯಲ್ಲಿ ಬೆಳಕಿನ ಒಂದು ಗೆರೆ. ಅವನು ಹೋದ ಮೇಲೆ ಯಾಮಿನಿ ಬಂದಳು, ಮಹಡಿ ಹತ್ತಿದಳು, ನೀರು ಸುರಿಯುವ ಸದ್ದು ಕೇಳಿತು.

ನೀಲಾಂಬಿಕಾ ಆ ಯೋಚನೆಯನ್ನು ಮನಸ್ಸಿನಲ್ಲಿ ಕೂಡ ಪೂರ್ತಿಯಾಗಿ ಆಡಿಕೊಳ್ಳಲಿಲ್ಲ. ಅರ್ಧಕ್ಕೆ ಬಿಟ್ಟರು. ಅವರು ಬಿ.ಎ. ಓದಿದವರು, ಸೊಸೆಯಂದಿರ ಮೇಲೆ ಕಣ್ಣಿಡುವ ಹೆಂಗಸರನ್ನು ಕಂಡು ಜೀವನವಿಡೀ ನಕ್ಕವರು. ಮೇಲಾಗಿ ಯಾಮಿನಿ ಎಂಥವಳು ಎಂಬುದು ಇಲ್ಲಿಗೆ ಬಂದ ಈ ಐದು ವರ್ಷದಲ್ಲಿ ಅವರಿಗೆ ಗೊತ್ತಿತ್ತು. ಮೆಟ್ಟಿಲುಗಳ ಅಂಚು ಕಾಣದೆ ಅವರು ಒಮ್ಮೆ ಮುಗ್ಗರಿಸಿದ್ದರು. ಮರುದಿನ ಏಳುವಷ್ಟರಲ್ಲಿ ಪ್ರತಿ ಮೆಟ್ಟಿಲಿಗೂ ಹಳದಿ ಟೇಪು ಅಂಟಿತ್ತು. ಯಾರು ಅಂಟಿಸಿದರೆಂದು ಯಾರೂ ಹೇಳಲಿಲ್ಲ. ಹನಿಯ ಬಾಟಲಿಗಳಲ್ಲಿ ಬೆಳಗಿನದಕ್ಕೆ ಒಂದು ರಬ್ಬರ್ ಬ್ಯಾಂಡು, ರಾತ್ರಿಯದಕ್ಕೆ ಎರಡು. ಇದೆಲ್ಲ ಅವರಿಗೆ ನೆನಪಿತ್ತು. ಆದರೆ ಸಂಶಯಕ್ಕೆ ಒಂದು ಗುಣವಿದೆ. ಅದು ಒಳ್ಳೆಯದನ್ನೂ ತನ್ನ ಕಡೆಯ ಸಾಕ್ಷಿ ಮಾಡಿಕೊಳ್ಳುತ್ತದೆ. ಒಳಗೊಳಗೇ ಏನೋ ಚುಚ್ಚುತ್ತಿರುವವರೇ ಅಲ್ಲವೇ ಇಷ್ಟು ಉಪಚಾರ ಮಾಡುವುದು, ಎಂದು ಅವರಿಗೆ ಅನಿಸತೊಡಗಿತು.

ಮಾರನೆಯ ದಿನ ಬಾಗಿಲ ಹೊರಗೆ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಮೇಲೊಂದು ಹಸಿರು ಚೀಟಿ, ಸಸ್ಯಾಹಾರಿ ಎಂದು. ನೀಲಿ ಕಾರಿನವನು ಹಿಂದಿನ ದಿನ ಬಿಟ್ಟುಹೋದದ್ದು ಎಂದು ನೀಲಾಂಬಿಕಾ ಸರಿಯಾಗಿಯೇ ಊಹಿಸಿದರು. ಬಾಯಿ ಮುಚ್ಚಿಸುವ ಬಿಸ್ಕತ್ತು ಅಂದುಕೊಂಡು, ಹಿತ್ತಲಿಗೆ ಹೋಗಿ ಒಂದೊಂದಾಗಿ ಮುರಿದು ಹಕ್ಕಿಗಳಿಗೆ ಹಾಕಿದರು.

ಅದೇ ವಾರ, ಬ್ಲೌಸಿನ ಕೊಕ್ಕೆ ಹೊಲಿಯಲು ಸೂಜಿ ಹುಡುಕುತ್ತ ಬಟ್ಟೆ ಒಗೆಯುವ ಕೋಣೆಯ ಮೇಲಿನ ಕಪಾಟು ತೆರೆದಾಗ ಅವರ ಕೈಗೆ ಒಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಪಾರದರ್ಶಕ ಪ್ಯಾಕೆಟ್ಟುಗಳು. ಒಂದೊಂದರಲ್ಲೂ ಪೆನ್ಸಿಲಿನಂಥ ಪ್ಲಾಸ್ಟಿಕ್ ಹಿಡಿ, ಅದರ ತುದಿಯಲ್ಲಿ ಭತ್ತದ ಮುಳ್ಳಿನಷ್ಟು ಚೂಪಾದ ಮೂರು ಮೂಲೆಯ ಹೊಳಪು. ಚಾಕು ಎಂದು ಗೊತ್ತಾಗಲು ತಡವಾಗಲಿಲ್ಲ. ಕೆಲವು ಪ್ಯಾಕೆಟ್ಟುಗಳು ಒಡೆದಿದ್ದವು, ಖಾಲಿ. ಯಾಮಿನಿಯೇ ತಂದುಕೊಟ್ಟಿದ್ದ ಭೂತಗನ್ನಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಇಂಗ್ಲಿಷಿನಲ್ಲಿ, ಕೆಂಪು ಅಕ್ಷರದಲ್ಲಿ, ಬರೆದಿತ್ತು: ಮನುಷ್ಯರ ಮೇಲೆ ಬಳಸತಕ್ಕದ್ದಲ್ಲ.

ಇನ್ನೊಮ್ಮೆ ಓದಿದರು. ಇನ್ನೊಂದು ಪ್ಯಾಕೆಟ್ ತೆಗೆದು ಅದನ್ನೂ ಓದಿದರು. ಎಲ್ಲದರ ಮೇಲೂ ಅದೇ ಮಾತು.

ಆಗ ಅವರಿಗೆ ಹಿಂದಿನ ವಾರ ಯಾಮಿನಿ ಫೋನಿನಲ್ಲಿ ಯಾರಿಗೋ ಹೇಳಿದ್ದು ನೆನಪಾಯಿತು. ಅತ್ತೆಗೂ ಇದೇ ನೈಫ್, ಅದಕ್ಕೇ ಇನ್ನೂ ಒಂದೆರಡು ಸಲ ಮಾಡಿ ನೋಡೋಣ, ಎಂದಿದ್ದಳು. ಮಾತೆಲ್ಲ ಇಂಗ್ಲಿಷಿನಲ್ಲಿ, ನಡುನಡುವೆ ನಗು. ಅಂದು ಏನೂ ಅನಿಸಿರಲಿಲ್ಲ. ಈಗ ಗ್ಯಾರೇಜು, ತಂಪಿನ ಪೆಟ್ಟಿಗೆ, ಮಿಸ್ಟರು, ತಾನು ಮಾಡುವುದಿಲ್ಲ ಎಂದ ಸೊಸೆ, ಎಲ್ಲವೂ ಒಂದರ ಪಕ್ಕ ಒಂದು ಬಂದು ಕೂತವು. ಗಂಡಸಿನ ವಿಷಯ ಅಲ್ಲವೇ ಅಲ್ಲ ಇದು ಅಂದುಕೊಂಡರು. ಕೊಂಚ ನಾಚಿಕೆಯೂ ಆಯಿತು. ಆದರೆ ಬಂದ ಯೋಚನೆ ಅದಕ್ಕಿಂತ ಕೆಟ್ಟದ್ದು. ಏನನ್ನೋ ಮಾಡಿ ನೋಡುವುದಿದೆ, ಮನುಷ್ಯರ ಮೇಲೆ ಮಾಡಬಾರದ್ದನ್ನು, ಮತ್ತು ಅದಕ್ಕೆ ಕೇಳುವವರಿಲ್ಲದ ಒಂದು ಮುದಿಗಣ್ಣು ಸಿಕ್ಕಿದೆ.

ಭಾನುವಾರದ ಊಟಕ್ಕೆ ಎಲ್ಲರೂ ಕೂತಾಗ, ರೊಟ್ಟಿ ಮುರಿಯುತ್ತ, ಆ ಕಪಾಟಿನಲ್ಲಿರುವ ಚಾಕು ಯಾತರದು ಎಂದು ಕೇಳಿದರು. ಗುರುಸಿದ್ದಪ್ಪ ಬಾಯಿಯಲ್ಲಿದ್ದ ತುತ್ತನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಗಿದ. ಹೆಂಡತಿಯ ಮುಖ ನೋಡಿದ. ಅವಳು ತಟ್ಟೆ ನೋಡಿದಳು.

"ಕಂಪನಿಯವ್ರು ಕೊಟ್ಟ ಸ್ಯಾಂಪಲ್ ಅವ್ವಾ. ಅದರಾಗ ಏನಿಲ್ಲ."

ಸುಳ್ಳು ಹೇಳುವಾಗ ಮಗನ ಕಿವಿ ಕೆಂಪಾಗುವುದನ್ನು ನೀಲಾಂಬಿಕಾ ಅವನು ಮೂರನೆಯ ಇಯತ್ತೆಯಲ್ಲಿದ್ದಾಗಿನಿಂದ ಬಲ್ಲರು. ಕಿರಿದಾದ ನೋಟದಲ್ಲಿ ಕಿವಿ ಕಾಣಲಿಲ್ಲ, ದನಿಯಲ್ಲಿ ಕಂಡಿತು.

"ನಾ ಆಪರೇಷನ್ ಮಾಡಿಸ್ಕೊಳ್ಳೂದಿಲ್ಲ" ಎಂದರು.

ಸೃಷ್ಟಿ ಫೋನಿನಿಂದ ತಲೆಯೆತ್ತಿದಳು. ಗುರುಸಿದ್ದಪ್ಪ ಮೊದಲು ಸಮಾಧಾನ ಹೇಳಿದ, ಆಮೇಲೆ ಒತ್ತಡದ ಅಂಕಿ ಹೇಳಿದ, ಆಮೇಲೆ ರೇಗಿದ. ಬೇಸಿಗೆ ಮುಗಿಯುವಷ್ಟರಲ್ಲಿ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಗೊತ್ತಾಗುವುದಿಲ್ಲ ಎಂದ.

"ಅವ್ವಾ, ನಿನಗ ಇರೂದ ಒಂದ ಕಣ್ಣು."

"ಅದಕ್ಕ ಹೇಳಾಕತ್ತೇನಿ."

ಯಾಮಿನಿ ಮಾತ್ರ ಮೆಲ್ಲಗೆ, ತಾನು ದಿನ ಕ್ಯಾನ್ಸಲ್ ಮಾಡಿಸುವುದಿಲ್ಲ, ಅತ್ತೆ ಶನಿವಾರದ ತನಕ ಯೋಚನೆ ಮಾಡಲಿ ಎಂದಳು. ಶನಿವಾರ ಎಂಬ ಮಾತು ನೀಲಾಂಬಿಕಾ ಅವರ ಕಿವಿಗೆ ಮುಳ್ಳಿನ ಹಾಗೆ ತಾಗಿತು.

ಆ ವಾರ ಪೂಜೆಗೆ ಕೂತಾಗ ದೃಷ್ಟಿ ನಿಲ್ಲಲಿಲ್ಲ. ಲಿಂಗದ ಕಪ್ಪು ಹೊಳಪಿನಲ್ಲಿ ಮೂರು ಮೂಲೆಯ ಚೂಪು ಕಾಣುತ್ತಿತ್ತು. ಕಣ್ಣು ಹೋದರೆ ಈ ಅಂಗೈ ಹೋಯಿತು ಎಂದುಕೊಂಡರು. ಕೊಟ್ಟರೂ ಹೋಗಬಹುದು, ಕೊಡದಿದ್ದರೆ ಹೋಗುವುದೇ. ಯಾರನ್ನು ನಂಬುವುದು ಎಂಬುದೊಂದೇ ಉಳಿದ ಪ್ರಶ್ನೆ. ಅದಕ್ಕೆ ಬೇರೆಯವರ ಬಾಯಿಂದ ಉತ್ತರ ಬರುವಂತಿರಲಿಲ್ಲ.

ಶನಿವಾರ ಬಂತು. ಕೆಂಪು ದೀಪ ಹೊತ್ತಿತು. ನೀಲಿ ಕಾರು ಬಂತು, ಪೆಟ್ಟಿಗೆ ಒಳಗೆ ಹೋಯಿತು. ನೀಲಾಂಬಿಕಾ ಸೆರಗು ಬಿಗಿದುಕೊಂಡು, ಗೋಡೆ ಸವರುತ್ತ, ಪಕ್ಕದ ಓಣಿಯಿಂದ ಗ್ಯಾರೇಜಿನ ಚಿಕ್ಕ ಬಾಗಿಲಿಗೆ ಹೋದರು. ಅದಕ್ಕೆ ಚಿಲಕ ಹಾಕಿರಲಿಲ್ಲ. ಕೆಟ್ಟದ್ದು ಮಾಡುವವರು ಚಿಲಕ ಹಾಕುತ್ತಾರಲ್ಲ ಎಂದು ಆ ಕ್ಷಣದಲ್ಲಿಯೂ ಒಂದು ಯೋಚನೆ ಬಂತು.

ಒಳಗೆ ಹಳೆಯ ಸೈಕಲ್ಲು, ಹುಲ್ಲು ಕತ್ತರಿಸುವ ಯಂತ್ರದ ನಡುವೆ ಒಂದು ಮೇಜು. ಮೇಜಿನ ಮೇಲೆ, ಆಸ್ಪತ್ರೆಯವರು ಬೇಡವೆಂದು ತೆಗೆದಿರಬೇಕಾದ ದೊಡ್ಡ ಸೂಕ್ಷ್ಮದರ್ಶಕ. ಅದರ ಕೆಳಗೆ ಥರ್ಮಾಕೋಲಿನಲ್ಲಿ ಮಾಡಿದ ಮನುಷ್ಯನ ತಲೆ. ಕಣ್ಣಿರಬೇಕಾದ ಗುಳಿಯಲ್ಲಿ ನಿಜವಾದ ಒಂದು ಕಣ್ಣು. ಎತ್ತರದವನು ಬೆನ್ನು ಬಗ್ಗಿಸಿ ಕೂತು ಚಾಕು ಹಿಡಿದಿದ್ದ. ಯಾಮಿನಿ ಪಕ್ಕದಲ್ಲಿ ನಿಂತು ಇಂಗ್ಲಿಷಿನಲ್ಲಿ ಅವನಿಗೆ ಹೇಳಿಕೊಡುತ್ತಿದ್ದಳು. ಹೇಳಿಕೊಡುತ್ತಿದ್ದಳೇನು, ಗದರುತ್ತಿದ್ದಳು. ಇನ್ನೂ ಮೇಲೆ, ಇಷ್ಟು ಆಳ ಬೇಡ, ಕಣ್ಣಿನ ಗೋಡೆ ತೂತಾಯಿತು, ಇನ್ನೊಂದು ತೊಗೊಳ್ಳಿ. ಅವನು ಸಾರಿ ಎಂದು, ಶಾಲೆಯ ಹುಡುಗನ ಹಾಗೆ, ಪೆಟ್ಟಿಗೆಯಿಂದ ಇನ್ನೊಂದು ಕಣ್ಣು ತೆಗೆದ. ಆ ಸಾರಿ ಎಂಬ ದನಿ ನೀಲಾಂಬಿಕಾ ಅವರಿಗೆ ಗೊತ್ತಿತ್ತು. ಆಸ್ಪತ್ರೆಯ ಕತ್ತಲೆ ಕೋಣೆಯಲ್ಲಿ, ದೀಪದ ಹಿಂದಿನಿಂದ, ಗದ್ದ ಇಲ್ಲಿಡಿ ಎಂದಿದ್ದ ದನಿ ಅದು. ಮಿಸ್ಟರ್ ವಿಟ್ಲಾಕ್.

"ಯಾರ ಕಣ್ಣ ಇವು?" ಎಂದರು ನೀಲಾಂಬಿಕಾ.

ಇಬ್ಬರೂ ತಿರುಗಿದರು. ಯಾಮಿನಿ ಬೇಗ ಒಂದು ಬಟ್ಟೆ ಎಳೆದು ಪೆಟ್ಟಿಗೆಯ ಮೇಲೆ ಹಾಕಿದಳು.

"ಹಂದೀದು, ಅತ್ತೆ. ಕಸಾಯಿ ಅಂಗಡಿಯಿಂದ ಬರುತ್ತೆ. ಅದಕ್ಕೇ ನಿಮಗೆ ಹೇಳ್ಲಿಲ್ಲ."

ನೀಲಾಂಬಿಕಾ ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯನ್ನು, ಒಳಗಿನ ಲಿಂಗ ಸಮೇತ, ಸೆರಗಿನೊಳಗೆ ಸರಿಸಿ ಬಿಗಿಯಾಗಿ ಹಿಡಿದರು.

"ನಿಮಗೆ ಹಾಕೋ ಇಂಪ್ಲಾಂಟ್, ಆ ನಳಿಗೆ, ಹೊಸದು" ಎಂದಳು ಯಾಮಿನಿ. "ಚಾಕುನೂ ಹೊಸ ಥರದ್ದು. ನಾನು ಬೇಕಾದಷ್ಟು ಮಾಡಿದೀನಿ. ಇವರು ಹಳೇ ಥರದ್ದು ನನಗಿಂತ ಜಾಸ್ತಿ ಮಾಡಿದಾರೆ, ಇದನ್ನ ಮಾಡಿಲ್ಲ. ನಾನು ನಿಮಗೆ ಮಾಡೋ ಹಾಗಿಲ್ಲ, ಇವರನ್ನ ಬಿಟ್ಟರೆ ಇನ್ನೊಬ್ಬರಿಲ್ಲ. ಆಸ್ಪತ್ರೇಲಿ ಪ್ರ್ಯಾಕ್ಟೀಸ್ ರೂಮನ್ನ ಸ್ಟೋರ್ ಮಾಡ್ಬಿಟ್ಟಿದಾರೆ. ಮೊದಲು ಇಲ್ಲಿ ಕೈ ಕೂರ್ಲಿ, ಆಮೇಲೆ ಒಂದಷ್ಟು ಪೇಷಂಟ್ಸ್‌ಗೆ ನನ್ನ ಪಕ್ಕ ಕೂತು ಮಾಡ್ಲಿ ಅಂದೆ. ಈಗ ಮಾಡ್ತಿದಾರೆ. ಶನಿವಾರ ಶನಿವಾರ ತಪ್ಪು ತಿದ್ಕೊಳ್ತೀವಿ."

ಒಂದು ಕ್ಷಣ ನಿಂತು, ತೀರ ಸಣ್ಣ ದನಿಯಲ್ಲಿ ಸೇರಿಸಿದಳು.

"ನಿಮ್ಮ ಕಣ್ಣು ಅವರ ಮೊದಲನೇ ಕಣ್ಣಾಗಬಾರದು ಅಂತ, ಅತ್ತೆ. ಎಡಗಣ್ಣಿನ ವಿಷಯ ನೀವು ಹೇಳಿದ್ರಲ್ಲ."

ಎಡಗಣ್ಣಿನ ವಿಷಯ ಅವರು ಹೇಳಿದ್ದು ಒಂದೇ ಸಲ, ಈ ದೇಶಕ್ಕೆ ಬಂದ ಹೊಸತರಲ್ಲಿ, ಹುರಳಿಕಾಯಿ ಸೋಸುತ್ತ. ಯಾಮಿನಿ ಆಗ ಹ್ಞೂಂ ಎಂದಷ್ಟೇ ಅಂದಿದ್ದಳು.

ಕೇಳಬೇಕಾದ್ದು ಇನ್ನೂ ಇತ್ತು. ಮನುಷ್ಯರ ಮೇಲೆ ಬಳಸಬಾರದ ಚಾಕು ಯಾಕೆ? ಕಲಿಯುವುದಕ್ಕೆಂದೇ ಕೊಡುವ ಚಾಕು ಅವು, ಹರಿತ ಅದೇ, ಶುದ್ಧಿ ಮಾಡಿರುವುದಿಲ್ಲ ಅಷ್ಟೇ, ಎಂದಳು ಯಾಮಿನಿ. ಗ್ಯಾರೇಜಿನ ಹಳೆಯ ಫ್ರಿಜ್ಜಿನಲ್ಲಿ ಬೇರೇನನ್ನೂ ಇಡುವುದಿಲ್ಲ, ಇಲ್ಲಿಯ ಟವೆಲ್ ಮನೆಯೊಳಗೆ ಬರುವುದಿಲ್ಲ ಎಂದೂ ಹೇಳಿದಳು.

"ಮತ್ತ ಆ ತಲಿಸ್ನಾನ?"

"ಇದನ್ನ ಮುಟ್ಟಿ ನೀವು ಪೂಜೆ ಮಾಡೋ ಕಡೆ ಹೇಗೆ ಬರ್ಲಿ?"

ಮಿಸ್ಟರ್ ವಿಟ್ಲಾಕ್ ಮಾತು ಅರ್ಥವಾಗದಿದ್ದರೂ ಎದ್ದು ನಿಂತಿದ್ದ. ಚಾಕುವನ್ನು ತುದಿ ತನ್ನ ಕಡೆಗೆ ಇರುವ ಹಾಗೆ ಹಿಡಿದಿದ್ದ. ಕೊನೆಗೆ ಏನಾದರೂ ಹೇಳಬೇಕೆಂದು, ಬಿಸ್ಕತ್ತು ಹಿಡಿಸಿತೇ ಎಂದು ಕೇಳಿದ.

"ಹಕ್ಕಿಗೆ ಹಿಡಿಸ್ಯಾವ ಅಂತ ಹೇಳು" ಎಂದರು ನೀಲಾಂಬಿಕಾ.

ಯಾಮಿನಿ ಹೇಳಿದಳೋ ಇಲ್ಲವೋ. ಬಾಗಿಲ ತನಕ ಹೋದವರು ಹಿಂದಕ್ಕೆ ನೋಡದೆ ನಿಂತು, "ನನಗ ಹೇಳಬೇಕಾಗಿತ್ತು. ಹಂದಿಗೆ ಹೆದರತಿದ್ದೆ, ಖರೆ. ಇಷ್ಟ ಹೆದರತಿರಲಿಲ್ಲ" ಎಂದರು. ಅಂದು ಯಾಮಿನಿಗಿಂತ ಮೊದಲೇ ನೀಲಾಂಬಿಕಾ ತಲೆಗೆ ಎರೆದುಕೊಂಡರು. ಬಿಸಿನೀರು ಧಾರಾಳವಾಗಿತ್ತು. ಅವಳಿಗೆ ಉಳಿದಿತ್ತೋ ಇಲ್ಲವೋ ಎಂದು ಕೂದಲು ಒರೆಸಿಕೊಳ್ಳುವಾಗ ಹೊಳೆದು, ಕೈ ನಿಂತಿತು.

ಆಪರೇಷನ್ನಿಗೆ ಹೂಂ ಎಂದದ್ದು ಮಂಗಳವಾರ. ಹಾಗೆಂದು ನೀಲಾಂಬಿಕಾ ಅವರ ಒಳಗಿನದೆಲ್ಲ ತೊಳೆದುಹೋಯಿತೆಂದಲ್ಲ. ಎಡಗಣ್ಣು ಕಳೆದುಕೊಂಡ ಹೆಂಗಸಿಗೆ ಅಷ್ಟು ಸುಲಭವಾಗಿ ಸಮಾಧಾನವಾಗುವುದಿಲ್ಲ. ಹಂದಿಯ ಕಣ್ಣಿಗೂ ತಮ್ಮ ಕಣ್ಣಿಗೂ ಒಂದೇ ಕೈ, ಚಾಕು ಮಾತ್ರ ಬೇರೆ. ಆ ಚಾಕು ಬದಲಾಯಿತೆಂದು ಯಾರು ಕಂಡವರು?

ಆಸ್ಪತ್ರೆಯಲ್ಲಿ ಕೊರಳಿನ ಲೋಹವನ್ನೆಲ್ಲ ತೆಗೆಯಬೇಕೆಂದು ಒಬ್ಬ ನರ್ಸ್ ಬಂದಳು. ಕರಡಿಗೆಯ ಮೇಲೆ ನೀಲಾಂಬಿಕಾ ಕೈ ಮುಚ್ಚಿದ್ದನ್ನು ನೋಡಿ, ಯಾಮಿನಿ ಮೊದಲೇ ಹೇಳಿಟ್ಟಿದ್ದರಿಂದ, ಅದನ್ನು ಎದೆಯ ಮೇಲೆಯೇ ಬಿಟ್ಟು ಅಗಲವಾದ ಪಟ್ಟಿ ಅಂಟಿಸಿದಳು. ಅಂಟಿಸುವ ಮುಂಚೆ ತನ್ನ ತಣ್ಣಗಿನ ಬೆರಳುಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡಳು.

ಮುಖದ ಮೇಲೆ ಹೊದಿಕೆ ಬಂತು. ಕಣ್ಣು ಮರಗಟ್ಟಿತ್ತು, ಎಚ್ಚರ ಇತ್ತು. ಯಾರಾದರೂ ಒಬ್ಬರು ಕೈ ಹಿಡಿದು ಕೂರುವುದು ಅಲ್ಲಿಯ ಪದ್ಧತಿ. ಕೆಮ್ಮು ಬಂದರೆ ಮಾತಾಡದೆ ಆ ಕೈ ಅದುಮಬೇಕು. ಚಾಕು ಹಿಡಿಯುವ ಹಾಗಿಲ್ಲದ ಯಾಮಿನಿ ಕೈ ಹಿಡಿದು ಕೂತಳು. ಮಿಸ್ಟರ್ ವಿಟ್ಲಾಕ್ ಆರಂಭಿಸಲೇ ಎಂದು ಕೇಳಿದ.

ನೀಲಾಂಬಿಕಾ ಕೈ ಅದುಮಿದರು.

"ಕೆಮ್ಮಾ ಅತ್ತೆ?"

"ಅಲ್ಲ. ಆ ಪ್ಯಾಕೆಟ್ಟಿನ ಮ್ಯಾಲೆ ಏನ ಬರದದ, ಓದ ಅನ್ನು."

ಯಾಮಿನಿ ಉಸಿರು ಹಿಡಿದದ್ದು ಬೆರಳುಗಳಲ್ಲಿ ತಿಳಿಯಿತು. ನಗುತ್ತಾಳೆ ಎಂದುಕೊಂಡರು, ನಗಲಿಲ್ಲ. ಇಂಗ್ಲಿಷಿನಲ್ಲಿ ಹೇಳಿದಳು. ಮಿಸ್ಟರ್ ವಿಟ್ಲಾಕ್ ಕೂಡ ನಗಲಿಲ್ಲ. ನರ್ಸಿನ ಕೈಯಿಂದ ಪ್ಯಾಕೆಟ್ ಓದಿಸದೆ, ತಾನೇ ತಲೆ ಬಗ್ಗಿಸಿ, ಹೊದಿಕೆಯ ಅಂಚಿನ ಹತ್ತಿರ ಬಂದು ಓದಿದ. ಚಾಕುವಿನ ಹೆಸರು, ಅಗಲ, ಯಾವ ತಿಂಗಳ ತನಕ ಬಳಸಬಹುದು, ಶುದ್ಧೀಕರಿಸಿದೆ, ಒಂದೇ ಸಲ ಬಳಸತಕ್ಕದ್ದು. ಒಂದು ಪದವನ್ನೂ ನುಂಗದೆ, ಅವಸರ ಮಾಡದೆ.

"ಸಾಕು" ಎಂದರು ನೀಲಾಂಬಿಕಾ. "ಮಾಡ ಅನ್ನು."

ಆಮೇಲೆ ಕೈ ಅದುಮುವ ಪ್ರಸಂಗ ಬರಲಿಲ್ಲ. ಆದರೂ ಮುಗಿಯುವ ತನಕ ಬಿಡಲಿಲ್ಲ.

ನೋಟದಿಂದ ಹೋದ ಬೆರಳುಗಳು ಮತ್ತೆ ಕಾಣುವುದಿಲ್ಲ ಎಂದು ಮೊದಲೇ ಹೇಳಿದ್ದರು. ಉಳಿದದ್ದು ಉಳಿದರೆ ಅದೇ ಗೆಲುವು. ವಾರ ಕಳೆದು ಒತ್ತಡ ಇಳಿದಿತ್ತು. ಪೂಜೆಯಲ್ಲಿ ಲಿಂಗ ಇದ್ದಲ್ಲಿಯೇ, ಇದ್ದಷ್ಟೇ ಕಂಡಿತು. ಮರುತಿಂಗಳೂ ಅಷ್ಟೇ ಕಂಡಿತು.

ಆ ತಿಂಗಳ ಒಂದು ಶನಿವಾರ ಗ್ಯಾರೇಜಿನ ಮುಂದೆ ಮತ್ತೆ ನೀಲಿ ಕಾರು. ಈ ಸಲ ವಿಟ್ಲಾಕ್ ಜೊತೆಗೆ ಕಲಿಯುವುದಕ್ಕೆ ಬಂದ ಒಬ್ಬ ಹುಡುಗಿಯೂ ಇದ್ದಳು. ಯಾಮಿನಿ ಅವಸರದಲ್ಲಿ ಹೊರಗೆ ಹೋದಳು, ಗುಂಡಿ ಒತ್ತುವುದನ್ನು ಮರೆತಳು. ನೀಲಾಂಬಿಕಾ ಹಳದಿ ಟೇಪಿನ ಮೆಟ್ಟಿಲು ಇಳಿದು ಬೀರು ತೆರೆದರು. ಬೆರಳಿನಿಂದ ಸವರಿ ಗುಂಡಿ ಹುಡುಕಿ ಒತ್ತಿದರು. ಕೆಂಪು ದೀಪ ಹೊತ್ತಿತೇ ಎಂದು ಬಲಗಣ್ಣು ಹತ್ತಿರ ತಂದು, ಒಮ್ಮೆ ನೋಡಿ, ಸಂಶಯ ಪರಿಹಾರಕ್ಕೆ ಇನ್ನೊಮ್ಮೆ ನೋಡಿ, ಬಾಗಿಲು ಮುಚ್ಚಿದರು.